ನಾಲ್ಕನೆಯ ಪ್ಲಗ್

ಲೋವೆಲ್‌ನ ಬೆರಳುಗಳ ನಡುವೆ ಟಿಕ್ ಎಂದಿತು. ಹೊಸ ಸ್ಪಾರ್ಕ್ ಪ್ಲಗ್ಗಿನ ಸೂಜಿಯಂಥ ಮೊನೆ ಮುರಿದು ಗ್ಯಾರೇಜಿನ ನೆಲಕ್ಕೆ ಬಿತ್ತು. ಈ ಇರಿಡಿಯಂ ಪ್ಲಗ್ಗಿನ ಮೊನೆಯ ಸಂದನ್ನು ಹೊಂದಿಸಲು ಹೋಗಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಆದರೆ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನ ಕೈ ಕೇಳಬೇಕಲ್ಲ! ಸಂದು ಅಳೆಯುವ ಗೇಜು ತಾನಾಗಿಯೇ ಜೇಬಿನಿಂದ ಹೊರಬಂದಿತ್ತು.

"ಮೂರು ಹಾಕಿದ್ದೆ ಮಾರಿಟ್. ನಾಲ್ಕನೇದನ್ನ ನನ್ನ ಕೈಯಾರೆ ಹಾಳು ಮಾಡ್ಬಿಟ್ನಲ್ಲೇ!" ಎಂದ ಲೋವೆಲ್. ಭಾನುವಾರ, ಊರಿನ ಒಂದೇ ಬಿಡಿಭಾಗದ ಅಂಗಡಿಗೆ ಬೀಗ. ಸಂಜೆಯೊಳಗೆ ಅಪ್ಪ ಮಗಳು ಇಬ್ಬರೂ ಇದೇ ಕಾರಿನಲ್ಲಿ ಫಾರ್ಗೋದ ಆಸ್ಪತ್ರೆ ಸೇರಬೇಕು. ಬೆಳಿಗ್ಗೆ ಅವನ ಕಿಡ್ನಿ ತೆಗೆದು ಅವಳಿಗೆ ಜೋಡಿಸುತ್ತಾರೆ.

ಮಾರಿಟ್ ಊದಿದ ಕಾಲುಗಳನ್ನು ಎಳೆದುಕೊಂಡು ಕಸದ ಡಬ್ಬಿಯತ್ತ ಹೋದಳು. ಅಪ್ಪ ಆಗಷ್ಟೇ ಬಿಚ್ಚಿ ಎಸೆದಿದ್ದ ನಾಲ್ಕು ಪ್ಲಗ್ಗುಗಳನ್ನು ಹೆಕ್ಕಿ, ಕೋಟಿಗೆ ಒರೆಸಿ, ಅವನ ಮುಂದೆ ಹಿಡಿದಳು.

"ಇದ್ರಲ್ಲಿ ಯಾವ್ದು ವಾಸಿ, ಹೇಳು."

"ಒಂದು ಸತ್ತಿದೆ, ಮಿಕ್ಕಿದ್ದೆಲ್ಲ ಮುದಿ. ಇದನ್ನ ನಂಬ್ಕೊಂಡು ಇನ್ನೂರು ಮೈಲಿ ಹೋಗೋಕಾಗತ್ತೇನೇ?"

"ನಿನ್ನ ಅರವತ್ತೈದು ವರ್ಷದ ಕಿಡ್ನಿ ನಂಬ್ಕೊಂಡು ನಾನು ಇನ್ನೂ ಬದುಕ್ಬೇಕು ಅಂತಿದೀನಲ್ಲಪ್ಪ," ಎಂದಳು ಮಾರಿಟ್. "ಹಾಕು."