ಮೂಸಿ ಹೇಳುವ ಮೆಕ್ಯಾನಿಕ್

"ಥೂ! ಕೊಳೆತ ಮೊಟ್ಟೆ ವಾಸನೆ ಕಣಮ್ಮಾ!" ಸೈಲೆನ್ಸರ್ ಬಾಯಿಗೆ ಬಗ್ಗಿದ್ದ ಮೆಕ್ಯಾನಿಕ್ ಅಂಜಿನಯ್ಯ ಮೂಗು ಹಿಡಿದು ಉಗಿದ. ಹೊಗೆ ಮೂಸಿಯೇ ಗಾಡಿಯ ಕಾಯಿಲೆ ಹೇಳುತ್ತಾನೆಂದು ವಿಜಯನಗರವೆಲ್ಲ ಅವನ ಗ್ಯಾರೇಜಿಗೇ ಬರುತ್ತಿತ್ತು. ಕೊರೋನಾ ಬಂದು ಹೋದಮೇಲೆ ಆ ಮೂಗಿಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ ಎಂಬುದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಹಳೇ ಹೈಬ್ರಿಡ್ ಕಾರಿನ ಕಿಟಕಿಯಿಂದ ಧನ್ಯಶ್ರೀ ತಲೆ ಹೊರಹಾಕಿದಳು. "ಅಂಕಲ್, ಇಂಜಿನ್ನೇ ಆನ್ ಆಗಿಲ್ವಲ್ಲ! ಗಾಡಿ ಇನ್ನೂ ಬ್ಯಾಟರಿಲಿದೆ. ಅದೇನ್ ಮೂಸಿದ್ರಿ?"

ಬೆಂಚಿನ ಮೇಲಿದ್ದ ಗಿರಾಕಿಗಳು ಕಿಸಕ್ಕೆಂದರು. ಅಷ್ಟರಲ್ಲಿ ಇಂಜಿನ್ ತಾನಾಗಿ ಎದ್ದು ಭಗ್ಗನೆ ಹೊಗೆ ಕಕ್ಕಿತು. ನಗುತ್ತಿದ್ದವರೆಲ್ಲ ಓಕರಿಸುತ್ತ, ಮೂಗುಬಾಯಿ ಮುಚ್ಚಿಕೊಂಡು ಬೀದಿಗೆ ಓಡಿದರು. ಆ ಗಬ್ಬು ಹೊಗೆಯ ನಡುವೆ ಅಂಜಿನಯ್ಯ ಒಬ್ಬನೇ, ಮೂಗಿನಿಂದ ಕೈ ತೆಗೆದು, ಎಳೆದೆಳೆದು ಮೂಸುತ್ತ ನಿಂತಿದ್ದ.