ಅಡುಗೆಮನೆಗೆ ಬಂದ ವಾರ್ತೆ

ಬೆಸುಗೆಯ ರಾಳ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆಯ ನಮ್ಮ ಮನೆಯ ಬ್ಯಾಟರಿ ರೇಡಿಯೋ ಪಡಸಾಲೆಯಲ್ಲಿ, ತಾತನ ಕುರ್ಚಿಯ ಪಕ್ಕದಲ್ಲಿತ್ತು. ಹೆಂಗಸರು ಅಲ್ಲಿ ಕೂರುವಂತಿರಲಿಲ್ಲ. ಚಿಕ್ಕಮ್ಮ ತವರಿನಲ್ಲಿ ಅಣ್ಣನ ಜೊತೆ ರೇಡಿಯೋ ಬಿಚ್ಚಿ ಕಲಿತವಳು. ತಾತ ಸಂತೆಗೆ ಹೋದ ಮಧ್ಯಾಹ್ನ ಅದರ ಹಿಂಬದಿಯ ಹಲಗೆ ತೆಗೆದಳು. ಬೆಸುಗೆಯ ಕಬ್ಬಿಣವನ್ನು ಒಲೆಯ ಕೆಂಡದಲ್ಲಿ ಕಾಯಿಸಿ, ರಾಳಕ್ಕೆ ಅದ್ದಿ, ತಂತಿ ಕೂಡಿಸಿ, ಅಡುಗೆಮನೆಯವರೆಗೆ ಎಳೆದಳು. ಅಲ್ಲಿ ಒಂದು ಹಳೆಯ ಸ್ಪೀಕರನ್ನು ಮಡಕೆಯ ಬಾಯಿಗೆ ಕಟ್ಟಿ ಗೂಡಿನಲ್ಲಿಟ್ಟಳು.

ಸಂಜೆ ವಾರ್ತೆ ಎರಡೂ ಕಡೆ ಕೇಳಿಸಿತು. ತಾತ ಅಡುಗೆಮನೆಯ ಬಾಗಿಲಿಗೆ ಬಂದರು.

"ಹೆಂಗಸ್ರಿಗೆ ಯಾಕವ್ವ ವಾರ್ತೆ? ಕಿತ್ತಾಕು ಅದನ್ನ."

ಚಿಕ್ಕಮ್ಮ ರೊಟ್ಟಿ ತಟ್ಟುತ್ತಲೇ ಇದ್ದಳು. "ಪಡಸಾಲೆ ಸ್ಪೀಕರಿಗೂ ಇದರ ಮೂಲಕಾನೇ ತಂತಿ ಹೋಗಿರೋದು ಮಾವ. ಇದು ನಿಂತ್ರೆ ಅದೂ ನಿಲ್ಲುತ್ತೆ."

ತಾತ ನಂಬದೆ ತಾವೇ ತಂತಿ ಕಿತ್ತರು. ಇಡೀ ಮನೆ ಸುಮ್ಮನಾಯಿತು.

"ಏನಾಯ್ತು ಯಜಮಾನ್ರೇ?" ವಾರ್ತೆ ಕೇಳಲು ಬಂದಿದ್ದ ನೆರೆಯವರು ಪಡಸಾಲೆಯಿಂದ ಕೂಗಿದರು.

ತಾತ ತಂತಿಯ ತುದಿಯನ್ನು ಚಿಕ್ಕಮ್ಮನತ್ತ ಚಾಚಿದರು. ಅವಳು ಉಳಿದ ಹಿಟ್ಟನ್ನೆಲ್ಲ ರೊಟ್ಟಿ ತಟ್ಟಿ, ಬೇಯಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ಅದನ್ನು ತೆಗೆದುಕೊಂಡಳು. ಅಲ್ಲಿಯವರೆಗೂ ತಾತ ಅದನ್ನು ಹಿಡಿದೇ ನಿಂತಿದ್ದರು.