ಊಟದ ಬಿಡುವಿನಲ್ಲಿ ಮನೆಗೆ ಹೋದ ನೆರಳು

ಇದನ್ನು ಬರೆಯುವಷ್ಟು ಓದಿದವಳಲ್ಲ ನಾನು, ಕ್ಷಮಿಸಿ. ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಊಟದ ಬೆಲ್ ಹೊಡೆದೊಡನೆ ನಮ್ಮ ಗಾರ್ಮೆಂಟ್ಸ್‌ನವರೆಲ್ಲ ಅಂಗಳದ ಬಿಸಿಲಿಗೆ ಬಂದು ನೆರಳುಗಳನ್ನು ಬಿಡುತ್ತೇವೆ. ನಾವು ಡಬ್ಬಿ ಬಿಚ್ಚುವಷ್ಟರಲ್ಲಿ ಅವು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿರುತ್ತವೆ. ಸ್ವಂತ ಕಾಲ ಮೇಲೆ ನಿಲ್ಲಬಲ್ಲವರ ನೆರಳು ಮಾತ್ರ ಹೀಗೆ ಹೊರಡುತ್ತದೆ.

ನನ್ನ ಪಕ್ಕದ ಮೆಷಿನ್ನಿನ ನಾಗವೇಣಿ ದಿನವೂ ತನ್ನ ನೆರಳನ್ನು ಮನೆಗೇ ಕಳಿಸುತ್ತಾಳೆ. ಅವಳ ಮೂರು ವರ್ಷದ ಮಗಳು ಇನ್ನೂ ಎದ್ದು ನಿಂತಿಲ್ಲ. ನಿಲ್ಲುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ.

"ನೆರಳೇನು ಮಗೀನ ಎತ್ಕೊಂಡದಾ? ಒಂದಿನಾದ್ರೂ ಅಕ್ಕಿ ಕ್ಯೂಗೆ ಕಳ್ಸೇ," ಎಂದು ಎದುರು ಮೆಷಿನ್ನಿನ ಪುಟ್ಟಲಿಂಗಮ್ಮ ಇವತ್ತೂ ರೇಗಿಸಿದಳು.

"ಎತ್ಕೊಳಕಿಲ್ಲ ಕಣಕ್ಕಾ. ಕೈ ಚಾಚ್ಕೊಂಡು ನಿಂತಿರ್ತದೆ, ಅಷ್ಟೇಯ," ಎಂದಳು ನಾಗವೇಣಿ.

ಊಟ ಮುಗಿಯಿತು. ಗೇಟಿನಿಂದ ನೆರಳುಗಳು ಮರಳಿದವು. ನಾಗವೇಣಿಯದು ಎಲ್ಲಕ್ಕೂ ಹಿಂದೆ, ತೀರಾ ನಿಧಾನವಾಗಿ ಬಂತು. ಅದರ ಬೆರಳು ಹಿಡಿದು, ಎರಡು ಜುಟ್ಟಿನ ಪುಟ್ಟ ನೆರಳೊಂದು ತಪ್ಪುಹೆಜ್ಜೆ ಇಡುತ್ತಿತ್ತು.

"ನಿಂತವ್ಳೆ ಕಣಕ್ಕಾ," ಎಂದು ನಾಗವೇಣಿ ನೆಲದ ಮೇಲೆ ಕೂತು ಕೈ ಚಾಚಿದಳು.

ನಾವೆಲ್ಲ ದಾರಿ ಬಿಟ್ಟೆವು. ಸೂಪರ್‌ವೈಸರ್ ಬೆಲ್ ಒತ್ತಲಿಲ್ಲ.

ಆ ಕಾಲುಗಳಿಗೆ ಬಲ ಎಲ್ಲಿಂದ ಬಂತೋ, ನಾಳೆಯೂ ಇರುತ್ತದೋ, ನನಗೆ ತಿಳಿಯದು.